ಆತ್ಮರಕ್ಷಣೆಗೆ ಪಿಸ್ತೂಲು: ಅರ್ಜಿ ಹಾಕುವ ಮೊದಲು, ಲೈಸೆನ್ಸ್ ಸಿಕ್ಕಿದ ಮೇಲೆ

ಪಿಸ್ತೂಲಿಗೆ ಲೈಸೆನ್ಸ್ ಮಾಡಿಸಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಎರಡು ಪ್ರಶ್ನೆ ಕೇಳುತ್ತಾರೆ. ಯಾವುದು ತಗೊಳ್ಳಲಿ? ಎಷ್ಟು ಖರ್ಚಾಗುತ್ತದೆ? ‘ಯಾವ ಸಂದರ್ಭದಲ್ಲಿ ಗುಂಡು ಹಾರಿಸಬಹುದು, ಯಾವಾಗ ಹಾರಿಸಬಾರದು’ ಅಂತ ಕೇಳುವವರು ತೀರಾ ಕಡಿಮೆ. ಈ ಮೂರನೇ ಪ್ರಶ್ನೆಗೆ ಉತ್ತರ ನಿದ್ದೆಗಣ್ಣಲ್ಲೂ ಹೇಳುವಷ್ಟು ಗೊತ್ತಾಗುವ ತನಕ ಆಯುಧ ಮನೆಗೆ ತರಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಲೈಸೆನ್ಸ್ ಕೊಡುವುದು ಆಯುಧ ಇಟ್ಟುಕೊಳ್ಳುವ ಅನುಮತಿ. ಹಾರಿಸಿದ ಪ್ರತಿ ಗುಂಡಿಗೂ ಉತ್ತರ ಕೊಡಬೇಕಾದವರು ನೀವು.

ಇಲ್ಲಿ ಬರೆದಿರುವುದು ಭಾರತದ ಕಾನೂನಿನ ಮಟ್ಟಿಗೆ, ಅದರಲ್ಲೂ ಕರ್ನಾಟಕದಲ್ಲಿ ಇರುವವರಿಗೆ. ನಿಮ್ಮ ಮೇಲೆ ಯಾವುದಾದರೂ ಕೇಸು, ಜಮೀನು ವ್ಯಾಜ್ಯ ಇದ್ದರೆ ಅರ್ಜಿಗೆ ಮುಂಚೆ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ.

ಮೊದಲ ಹೆಜ್ಜೆ: ನಿಜಕ್ಕೂ ಬೇಕಾ?

ಅಪಾಯ ಯಾರಿಂದ, ಎಲ್ಲಿ, ಯಾವ ಹೊತ್ತಿನಲ್ಲಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ದಿನಾ ಸಂಜೆ ನಗದು ತೆಗೆದುಕೊಂಡು ಮನೆಗೆ ಹೋಗುವ ವ್ಯಾಪಾರಿಯ ಅಪಾಯ ಬೇರೆ. ಊರಿನಿಂದ ಮೂರು ಕಿಲೋಮೀಟರ್ ದೂರದ ಒಂಟಿ ತೋಟದ ಮನೆಯಲ್ಲಿರುವ ವಯಸ್ಸಾದ ದಂಪತಿಯ ಅಪಾಯ ಬೇರೆ. ಬರೆದು ನೋಡಿದರೆ ಎಷ್ಟೋ ಅಪಾಯಗಳಿಗೆ ಬೇರೆ ದಾರಿ ಇರುವುದು ಕಾಣುತ್ತದೆ. ನಗದಿನ ಬದಲು ಬ್ಯಾಂಕ್ ವ್ಯವಹಾರ, ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್, ಅಂಗಳಕ್ಕೆ ಜೋರು ಬೆಳಕು, ಕ್ಯಾಮೆರಾ, ಒಂದೆರಡು ನಾಯಿ. ಇವನ್ನೆಲ್ಲ ಮಾಡಿದ ಮೇಲೂ ಅಪಾಯ ಉಳಿದರೆ ಆಗ ಪಿಸ್ತೂಲಿನ ಮಾತು.

ದಾಯಾದಿ ಜಗಳಕ್ಕೆ, ಗಡಿ ತಕರಾರಿಗೆ ಅಂತ ಲೈಸೆನ್ಸ್ ಮಾಡಿಸುವುದು ಬೇಡವೇ ಬೇಡ. ಬೇಲಿಯ ಹತ್ತಿರ ನಿಂತು ಬೈದಾಡುವವರ ಕೈಗೆ ಆಯುಧ ಬಂದರೆ ಜಗಳ ಕೊಲೆಯಲ್ಲಿ ಮುಗಿಯುತ್ತದೆ.

ಇನ್ನೊಂದು ವಿಷಯ ಮುಚ್ಚುಮರೆ ಇಲ್ಲದೆ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ವಿಪರೀತ ಕುಡಿತ ಇದ್ದರೆ, ಯಾರಾದರೂ ಮಂಕಾಗಿ ‘ಬದುಕೇ ಸಾಕು’ ಅನ್ನುತ್ತಿದ್ದರೆ, ಆ ಮನೆಗೆ ಆಯುಧ ತರಬೇಡಿ. ಈಗಾಗಲೇ ಇದ್ದರೆ ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲೋ ಠಾಣೆಯಲ್ಲೋ ಇಟ್ಟು ರಸೀದಿ ತೆಗೆದುಕೊಳ್ಳಿ. ಲೈಸೆನ್ಸ್ ಇರುವ ಕೋವಿಯಿಂದಲೇ ಜೀವ ಕಳೆದುಕೊಂಡವರ ಸುದ್ದಿ ಮಲೆನಾಡು, ಕೊಡಗಿನವರಿಗೆ ಹೊಸದಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಹೆಜ್ಜೆ: ಅರ್ಜಿ

ಎಲ್ಲಕ್ಕೂ ಬುಡ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುತ್ತಾರೆ. ಬೆಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಕಮಿಷನರ್. 21 ವರ್ಷ ತುಂಬಿರಬೇಕು. ವಯಸ್ಸು, ಗುರುತು, ವಿಳಾಸದ ದಾಖಲೆ, ಫೋಟೋ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯರ ಪ್ರಮಾಣಪತ್ರ, ಆಯುಧವನ್ನು ಭದ್ರವಾಗಿ ಇಡುತ್ತೇನೆ ಅನ್ನುವ ಮುಚ್ಚಳಿಕೆ ಬೇಕು. ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಅರ್ಜಿಯಲ್ಲಿ ಗಟ್ಟಿಯಾಗಿರಬೇಕಾದ ಜಾಗ ‘ಕಾರಣ’. ‘ಆತ್ಮರಕ್ಷಣೆಗಾಗಿ’ ಅಂತ ಒಂದು ಸಾಲು ಬರೆದರೆ ಸಾಲದು. ಬೆದರಿಕೆ ಬಂದಿದ್ದರೆ ಆಗ ಕೊಟ್ಟ ದೂರಿನ ಪ್ರತಿ, ಸ್ವೀಕೃತಿ ಲಗತ್ತಿಸಿ. ವ್ಯಾಪಾರ ಕಾರಣವಾದರೆ ವಹಿವಾಟಿನ ದಾಖಲೆ ಕೊಡಿ. ಒಂಟಿ ಮನೆಯಾದರೆ ಪಹಣಿ ಜೊತೆಗೆ ಹತ್ತಿರದ ಠಾಣೆ ಎಷ್ಟು ದೂರ ಅಂತ ಬರೆಯಿರಿ. ಹಳೇ ಕೇಸು ಇದ್ದರೆ ಮುಚ್ಚಿಡಬೇಡಿ. ಠಾಣೆಯಿಂದ ವರದಿ ಹೋಗಿಯೇ ಹೋಗುತ್ತದೆ. ಮಾಹಿತಿ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ಆಮೇಲೂ ರದ್ದು ಮಾಡಬಹುದು.

ನಿಯಮದ ಪ್ರಕಾರ ಪೊಲೀಸ್ ವರದಿ 30 ದಿನದಲ್ಲಿ ಬರಬೇಕು. ವರದಿ ಬಂದ 60 ದಿನದೊಳಗೆ ತೀರ್ಮಾನ ಆಗಬೇಕು. ನಡೆಯುವುದು ಇದಕ್ಕಿಂತ ನಿಧಾನ ಅಂತ ಎಲ್ಲರಿಗೂ ಗೊತ್ತು, ತಾಳ್ಮೆ ಬೇಕು. ತಿರಸ್ಕರಿಸಿದರೆ ಸಾಮಾನ್ಯವಾಗಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಅದರ ಮೇಲೆ ಮೇಲ್ಮನವಿ ಹೋಗಬಹುದು. ಆಸ್ತಿ ಕಡಿಮೆ ಇದೆ ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಹಾಗಂತ ಲೈಸೆನ್ಸ್ ನಮ್ಮ ಹಕ್ಕು ಅಂತ ವಾದಕ್ಕೆ ಇಳಿದರೆ ಪ್ರಯೋಜನ ಇಲ್ಲ. ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಅಂತ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ.

2019ರ ತಿದ್ದುಪಡಿಯ ನಂತರ ಒಬ್ಬರು ಎರಡೇ ಬಂದೂಕು ಇಟ್ಟುಕೊಳ್ಳಬಹುದು, ಮೊದಲು ಮೂರು ಇತ್ತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಶಿಕ್ಷೆಯೂ ಏರಿತು. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡರೆ ಈಗ ಎರಡರಿಂದ ಐದು ವರ್ಷ ಜೈಲು.

ಕೊಡಗಿನವರು ಒಂದು ಮಾತು ಗಮನಿಸಬೇಕು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಲ್ಲಿ ಹೊರಬರುವ ಕೋವಿಯನ್ನು ಮನಸ್ಸಿನಲ್ಲಿಟ್ಟ ವಿನಾಯಿತಿ. ಪಿಸ್ತೂಲು, ರಿವಾಲ್ವರ್ ಬೇಕಾದರೆ ಅದು ವಿನಾಯಿತಿಯಲ್ಲಿ ಬರುತ್ತದೆಯೇ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ. ಮಲೆನಾಡಿನ ಬೆಳೆ ರಕ್ಷಣೆಯ ಲೈಸೆನ್ಸಿಗೂ ಮಿತಿ ಇದೆ. ಅದು ತೋಟ ಕಾಯಲು, ಅದನ್ನು ಹೆಗಲಿಗೆ ಹಾಕಿಕೊಂಡು ಪೇಟೆಗೆ ಹೋಗುವಂತಿಲ್ಲ.

ಮೂರನೇ ಹೆಜ್ಜೆ: ಯಾವುದು ಕೊಳ್ಳುವುದು

ಸಾಮಾನ್ಯ ನಾಗರಿಕರಿಗೆ ಆತ್ಮರಕ್ಷಣೆಗೆ ಹೆಚ್ಚಾಗಿ ಸಿಗುವುದು .32 ರಿವಾಲ್ವರ್ ಅಥವಾ .32 ಪಿಸ್ತೂಲು. 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಗೆಯ ಅಳತೆ. ಸಿನಿಮಾ ನೋಡಿ ಅದನ್ನೇ ಕೇಳುವವರಿದ್ದಾರೆ, ಕೇಳಬೇಡಿ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್‌ಗಳು ಬಹಳ ಕಾಲದಿಂದ ಚಾಲ್ತಿಯಲ್ಲಿವೆ. 2014ರಲ್ಲಿ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ತಂದ ಹಗುರವಾದ ‘ನಿರ್ಭೀಕ್’ ಕೂಡ ಅಲ್ಲಿಯದೇ.

ಮೊದಲ ಸಲ ಕೊಳ್ಳುವವರಿಗೆ ನಾನು ರಿವಾಲ್ವರ್ ಅನ್ನುತ್ತೇನೆ. ಆರು ಗುಂಡು, ಒಂದು ಸಿಲಿಂಡರ್. ತೆರೆದು ನೋಡಿದರೆ ಎಷ್ಟು ತುಂಬಿದೆ ಅಂತ ಕಣ್ಣಿಗೇ ಕಾಣುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದರೂ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯ ಗೂಡಿನಲ್ಲಿ, ಒಂದು ಗುಂಡು ಕೂತಿರಬಹುದು. ‘ಖಾಲಿ ಇದೆ ಅಂದುಕೊಂಡಿದ್ದೆ’ ಅನ್ನುವ ಅನಾಹುತಗಳಲ್ಲಿ ಜಾಸ್ತಿ ಪಾಲು ಈ ಒಂದು ಗುಂಡಿನದು.

ತೋಟಾ ಕೊಳ್ಳುವಾಗ ಹುಷಾರು. ಎರಡಕ್ಕೂ .32 ಅಂತಲೇ ಹೇಳಿದರೂ ತೋಟಾ ಒಂದೇ ಅಲ್ಲ. ರಿವಾಲ್ವರಿನದು ಉದ್ದ, ಲೋಹದ ಕವಚ 23 ಮಿಲಿಮೀಟರ್. ಪಿಸ್ತೂಲಿನದು ಗಿಡ್ಡ, 17 ಮಿಲಿಮೀಟರ್. ಒಂದರದ್ದು ಇನ್ನೊಂದಕ್ಕೆ ಹಾಕಬಾರದು. ಎಷ್ಟು ತೋಟಾ ಇಟ್ಟುಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಕೊಂಡ ರಸೀದಿಗಳನ್ನು ಒಂದೇ ಫೈಲಿನಲ್ಲಿಡಿ.

ನಾಲ್ಕನೇ ಹೆಜ್ಜೆ: ತರಬೇತಿ

ಸುರಕ್ಷತಾ ತರಬೇತಿಯನ್ನು 2016ರ ನಿಯಮಗಳೇ ಕಡ್ಡಾಯ ಮಾಡಿವೆ. ಆಯುಧ ಇಡುವುದು, ಒಯ್ಯುವುದು, ಬಿಚ್ಚಿ ಶುಚಿ ಮಾಡುವುದು, ಹಾರಿಸುವುದು, ಎಲ್ಲ ಅದರಲ್ಲಿ ಬರಬೇಕು. ಪ್ರಮಾಣಪತ್ರದ ನಮೂನೆಗೆ ಎಸ್-1 ಅಂತ ಹೆಸರು. ನಮ್ಮ ಕಡೆ ಜಿಲ್ಲಾ ಪೊಲೀಸರು ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲಿ ‘ನಾಗರಿಕ ಬಂದೂಕು ತರಬೇತಿ’ ಶಿಬಿರ ನಡೆಸುತ್ತಾರೆ. ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಚಿಕ್ಕ ಸುದ್ದಿ ಬರುತ್ತದೆ, ಕಣ್ಣಿಟ್ಟಿರಿ. ಆದರೆ ಅಲ್ಲಿ ಮುಖ್ಯವಾಗಿ ರೈಫಲ್ ಕಲಿಸುತ್ತಾರೆ. ಕೈಬಂದೂಕು ಕಲಿಯಲು ರೈಫಲ್ ಅಸೋಸಿಯೇಷನ್ ಅಥವಾ ಶೂಟಿಂಗ್ ಕ್ಲಬ್ಬಿನ ರೇಂಜಿಗೆ ಹೋಗಬೇಕು. ಏರ್ ಪಿಸ್ತೂಲಿನಿಂದ ಶುರು ಮಾಡಿದರೂ ನಷ್ಟ ಇಲ್ಲ. ಗುರಿ, ಉಸಿರು, ಟ್ರಿಗರ್ ಎಳೆಯುವ ಬೆರಳಿನ ಹದ ಅಲ್ಲೇ ಬರುತ್ತದೆ.

ಕಾಗದಕ್ಕಾಗಿ ಸುಮ್ನೆ ಹಾಜರಿ ಹಾಕಿ ಬರಬೇಡಿ. ನಾಲ್ಕು ನಿಯಮ ಮೈಗೆ ಹತ್ತಬೇಕು.

ಎಲ್ಲ ಬಂದೂಕೂ ತುಂಬಿದೆ ಅಂತಲೇ ಭಾವಿಸಿ, ನೀವೇ ಈಗಷ್ಟೇ ಖಾಲಿ ಮಾಡಿದ್ದರೂ.
ನಳಿಗೆಯ ಬಾಯಿಯನ್ನು ಯಾವ ವಸ್ತುವಿಗೆ ಗುಂಡು ತಗುಲಿದರೆ ನೋವಾಗುವುದಿಲ್ಲವೋ ಆ ಕಡೆಗೇ ಹಿಡಿಯಿರಿ.
ಹಾರಿಸುವ ತೀರ್ಮಾನ ಆಗುವ ತನಕ ಬೆರಳು ಟ್ರಿಗರಿನ ಹೊರಗೆ, ಪಕ್ಕದ ಲೋಹದ ಮೇಲೆ ನೇರವಾಗಿ ಇರಲಿ.
ಗುರಿ ಯಾರು, ಗುರಿಯ ಹಿಂದೆ ಏನಿದೆ ಅಂತ ಕಾಣದೆ ಹಾರಿಸಬೇಡಿ.

ನಾಲ್ಕನೆಯದನ್ನು ನಮ್ಮ ಮನೆಗಳಿಗೆ ಹೊಂದಿಸಿ ಯೋಚಿಸಿ. ನಡುಮನೆಯ ಆಚೆಗೆ ಒಂದು ತೆಳು ಬಾಗಿಲು, ಅದರಾಚೆ ಮಕ್ಕಳು ಮಲಗುವ ಕೋಣೆ. ಹಲಗೆಯ ಬಾಗಿಲು ಗುಂಡನ್ನು ತಡೆಯುತ್ತದೆ ಅಂತ ನಂಬಬೇಡಿ. ಹಗಲು ಹೊತ್ತಿನಲ್ಲಿ ಖಾಲಿ ಕೈಯಲ್ಲಿ ಮನೆಯೆಲ್ಲ ಓಡಾಡಿ ನೋಡಿ. ಎಲ್ಲಿ ನಿಂತರೆ ಯಾವ ಗೋಡೆ ಎದುರಿಗೆ, ಗೋಡೆಯ ಆಚೆ ಯಾರು ಮಲಗುತ್ತಾರೆ?

ಖಾಲಿ ಮಾಡುವ ಕ್ರಮವನ್ನು ಪ್ರತಿ ಸಲವೂ ಒಂದೇ ರೀತಿ ಮಾಡಿ. ಪಿಸ್ತೂಲಾದರೆ ನಳಿಗೆ ಸುರಕ್ಷಿತ ದಿಕ್ಕಿಗೆ, ಬೆರಳು ಹೊರಗೆ. ಮೊದಲು ಮ್ಯಾಗಜಿನ್ ತೆಗೆದು ಪಕ್ಕಕ್ಕಿಡಿ. ಆಮೇಲೆ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಪೂರ್ತಿ ಹಿಂದಕ್ಕೆ ಎಳೆಯಿರಿ. ಚೇಂಬರಿನ ಗುಂಡು ಟಣ್ ಅಂತ ಹೊರಗೆ ಬೀಳುತ್ತದೆ. ಸ್ಲೈಡ್ ತೆರೆದೇ ಹಿಡಿದು ಒಳಗೆ ಇಣುಕಿ, ಕಿರುಬೆರಳ ತುದಿಯಿಂದ ಮುಟ್ಟಿ ನೋಡಿ. ಇದನ್ನು ತಿರುಗಾಮುರುಗಾ ಮಾಡಿದರೆ, ಅಂದರೆ ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ, ಒಂದು ಗುಂಡು ಹೊರಗೆ ಬಿದ್ದು ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ನೆಲದ ಮೇಲೆ ಬಿದ್ದ ಗುಂಡು ನೋಡಿ ಖಾಲಿಯಾಯಿತು ಅಂದುಕೊಳ್ಳುತ್ತೀರಿ. ರಿವಾಲ್ವರಾದರೆ ನಳಿಗೆ ಸುರಕ್ಷಿತ ದಿಕ್ಕಿಗೆ ಹಿಡಿದು, ಆ ಮಾದರಿಗೆ ತಕ್ಕ ಹಾಗೆ ಸಿಲಿಂಡರ್ ತೆರೆದು ಎಲ್ಲವನ್ನೂ ಹೊರಗೆ ಬೀಳಿಸಿ. ಆಮೇಲೆ ಆರೂ ತೂತುಗಳನ್ನು ಎಣಿಸಿ.

ಗುಂಡು ಹಾರಿಸುವ ಅಭ್ಯಾಸ ರೇಂಜಿನಲ್ಲಿ ಮಾತ್ರ. ಕಿವಿಗೆ, ಕಣ್ಣಿಗೆ ರಕ್ಷಣೆ ಇಲ್ಲದೆ ಒಂದು ಸುತ್ತೂ ಬೇಡ. ತೋಟದಲ್ಲಿ ಹಲಸಿನ ಮರಕ್ಕೆ ತಗಡು ಕಟ್ಟಿ ಹೊಡೆಯುವ ಚಪಲ ಕೆಲವರಿಗಿದೆ. ಕಲ್ಲಿಗೆ ತಗುಲಿದ ಗುಂಡು ಯಾವ ಕಡೆಗೆ ಸಿಡಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಜನರ ಜೀವಕ್ಕೆ ಅಪಾಯವಾಗುವ ಹಾಗೆ ಅಜಾಗರೂಕತೆಯಿಂದ ಹಾರಿಸಿದರೆ, ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಹಾರಿಸಿದರೆ, ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ನಿನ 9ನೇ ಉಪವಿಧಿ ಕಾದಿದೆ. ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ರೇಂಜಿನಲ್ಲಿ ಹತ್ತಕ್ಕೆ ಹತ್ತು ಹೊಡೆದವರೂ ಗಾಬರಿಯಲ್ಲಿ ತಪ್ಪುತ್ತಾರೆ. ಎದೆ ಹೊಡೆದುಕೊಳ್ಳುವಾಗ ಕೈ ನಡುಗುತ್ತದೆ. ಪಕ್ಕದ ಸದ್ದು ಕೇಳುವುದಿಲ್ಲ, ನೋಟ ಕಿರಿದಾಗುತ್ತದೆ. ಅದಕ್ಕೇ ಹಾರಿಸದೆ ಇರುವ ಅಭ್ಯಾಸವೂ ಬೇಕು. ತರಬೇತಿ ಕೊಡುವವರನ್ನು ಕೇಳಿ, ಕೆಲವು ಗುರಿಗಳ ಕೈಯಲ್ಲಿ ಮಚ್ಚಿನ ಚಿತ್ರ, ಕೆಲವುಗಳಲ್ಲಿ ಮೊಬೈಲ್ ಅಥವಾ ಟಾರ್ಚ್ ಚಿತ್ರ ಅಂಟಿಸಿ ತಿರುಗಿಸಲಿ. ಬಾಯಿಗೂ ಅಭ್ಯಾಸ ಬೇಕು. ‘ನಿಲ್ಲು! ಹತ್ತಿರ ಬರಬೇಡ! ಪೊಲೀಸರಿಗೆ ಫೋನ್ ಮಾಡಿದ್ದೀನಿ!’ ಜೋರಾಗಿ ಕೂಗಿ ಅಭ್ಯಾಸ ಮಾಡಿ. ನಾಚಿಕೆ ಪಡಬೇಡಿ. ಎದುರಿನವನು ಈ ಕೂಗಿಗೇ ಓಡಿಹೋದರೆ ಅದಕ್ಕಿಂತ ಒಳ್ಳೆಯದು ಏನಿದೆ?

ಲೈಸೆನ್ಸ್ ಬಂದ ಮೇಲೆ ತರಬೇತಿ ನಿಲ್ಲಿಸುವವರೇ ಜಾಸ್ತಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಆಯುಧವನ್ನು ಒಂದು ರಾತ್ರಿ ದಿಢೀರ್ ಅಂತ ಕೈಗೆತ್ತಿಕೊಳ್ಳುವುದು ಎಲ್ಲರಿಗೂ ಅಪಾಯ. ಆಗಾಗ ರೇಂಜಿಗೆ ಹೋಗಲು ಸಮಯ, ಹಣ ಇಲ್ಲದವರು ಪಿಸ್ತೂಲಿನ ಯೋಚನೆ ಬಿಡುವುದು ಒಳ್ಳೆಯದು.

ಐದನೇ ಹೆಜ್ಜೆ: ಮನೆಯಲ್ಲಿ ಇಡುವುದು, ಹೊರಗೆ ಒಯ್ಯುವುದು

ದಿಂಬಿನ ಕೆಳಗೆ, ಬೀರುವಿನ ಸೀರೆಗಳ ನಡುವೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬಾರದು. ಗೋಡೆಗೆ ಬೋಲ್ಟ್ ಹಾಕಿದ ಚಿಕ್ಕ ಉಕ್ಕಿನ ಲಾಕರ್ ತನ್ನಿ. ಬೀಗದ ಸಂಖ್ಯೆ ಮಕ್ಕಳಿಗೆ ಗೊತ್ತಿರಬಾರದು. ಮನೆಯವರ ಹುಟ್ಟಿದ ದಿನಾಂಕ ಇಡಬೇಡಿ, ಮಕ್ಕಳು ಮೊದಲು ಒತ್ತುವುದೇ ಅದನ್ನು. ಲೈಸೆನ್ಸ್ ನಿಮ್ಮ ಹೆಸರಿನದು. ಮಗನ ಕೈಗೆ ‘ಸ್ವಲ್ಪ ಇಟ್ಟುಕೋ’ ಅಂತ ಕೊಟ್ಟು ಊರಿಗೆ ಹೋಗುವಂತಿಲ್ಲ. ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗುವುದಾದರೆ ಪರವಾನಗಿ ಇರುವ ಅಂಗಡಿಯಲ್ಲಿ ಇಟ್ಟು ಹೋಗಿ. ಕಳುವಾದರೆ ಆ ಕ್ಷಣವೇ ಠಾಣೆಗೆ ಲಿಖಿತ ದೂರು.

ಹೊರಗೆ ಒಯ್ಯುವಾಗ 2016ರ ನಿಯಮಗಳ 32ನೇ ನಿಯಮ ನೆನಪಿಡಿ. ಕೈಬಂದೂಕು ಹೋಲ್ಸ್ಟರಿನಲ್ಲಿ ಅಥವಾ ಬೆನ್ನಚೀಲದಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೇ ಇರಬೇಕು. ಸೊಂಟದಲ್ಲಿ ಕಾಣುವ ಹಾಗೆ ಸಿಕ್ಕಿಸಿಕೊಂಡು ಜಾತ್ರೆಗೆ ಹೋಗುವುದು, ಮೇಜಿನ ಮೇಲಿಟ್ಟು ಮಾತಿಗೆ ಕೂರುವುದು, ರೀಲ್ಸ್ ಮಾಡುವುದು, ಇವೆಲ್ಲ ಲೈಸೆನ್ಸ್ ಕಳೆದುಕೊಳ್ಳುವ ದಾರಿಗಳು. ಹೆದರಿಸಲು ತೋರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್, ಅಂದರೆ ಬೆದರಿಕೆಯ ಕೇಸು, ಬೀಳಬಹುದು. ಲೈಸೆನ್ಸಿನ ವ್ಯಾಪ್ತಿ ಜಿಲ್ಲೆಗೋ, ರಾಜ್ಯಕ್ಕೋ, ದೇಶಕ್ಕೋ ಅಂತ ಓದಿಕೊಂಡೇ ಗಡಿ ದಾಟಿ. ಕುಡಿಯುವ ಕೂಟಕ್ಕೆ ಹೋಗುವುದಾದರೆ ಆಯುಧ ಲಾಕರಿನಲ್ಲೇ ಇರಲಿ.

ಬ್ಯಾಗಿನ ವಿಷಯ ಒಂದಿದೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡು ಕೇಸು ಎದುರಿಸಿದವರಿದ್ದಾರೆ. ತನ್ನ ಬಳಿ ಇದೆ ಅಂತ ಅರಿವಿಲ್ಲದ ವಸ್ತುವಿಗೆ ಶಿಕ್ಷೆ ಇಲ್ಲ ಅಂತ ಎಷ್ಟೋ ಪ್ರಕರಣಗಳಲ್ಲಿ ಹೈಕೋರ್ಟುಗಳು ಕೇಸು ರದ್ದು ಮಾಡಿವೆ. ಆದರೆ ಅಷ್ಟು ಹೊತ್ತಿಗೆ ವಿಮಾನವೂ ಹೋಗಿರುತ್ತದೆ, ನೆಮ್ಮದಿಯೂ ಹೋಗಿರುತ್ತದೆ.

ಆರನೇ ಹೆಜ್ಜೆ: ಯಾವಾಗ ಹಾರಿಸಬಹುದು

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಐಪಿಸಿಯಲ್ಲಿ 96ರಿಂದ 106ರವರೆಗೆ ಇತ್ತು, ಈಗ 34ರಿಂದ 44ರವರೆಗೆ ಇದೆ. ತಿರುಳು ಹೆಚ್ಚೇನೂ ಬದಲಾಗಿಲ್ಲ. ಕನ್ನಡದಲ್ಲಿ ಸಿಗುವ ಒಂದು ಪ್ರತಿ ಕೊಂಡು ಈ ಹನ್ನೊಂದು ಸೆಕ್ಷನ್‌ಗಳನ್ನು ಓದಿ. ಒಂದು ಸಂಜೆಯ ಕೆಲಸ.

ಹಕ್ಕು ದೊಡ್ಡದೇ. ನಿಮ್ಮ ದೇಹವನ್ನಷ್ಟೇ ಅಲ್ಲ, ಬೇರೆಯವರ ದೇಹವನ್ನೂ ಕಾಪಾಡಬಹುದು. ಏಟು ಬೀಳುವ ತನಕ ಕಾಯಬೇಕಿಲ್ಲ, ಬೀಳುತ್ತದೆ ಅನ್ನುವ ನ್ಯಾಯವಾದ ಭಯ ಹುಟ್ಟಿದಾಗಲೇ ಹಕ್ಕು ಶುರು. ಬೆನ್ನು ತೋರಿಸಿ ಓಡಲೇಬೇಕು ಅಂತಲೂ ಕಾನೂನು ಹೇಳುವುದಿಲ್ಲ.

ಅದಕ್ಕೆ ಕಟ್ಟಿರುವ ಬೇಲಿ 37ನೇ ಸೆಕ್ಷನ್. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಈ ಹಕ್ಕಿಲ್ಲ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಈ ಎರಡು ಸಾಲು ಮುಂದೆ ಹೇಳುವ ಎಲ್ಲದಕ್ಕೂ ಅನ್ವಯ.

ಎದುರಿನವನ ಜೀವ ಹೋಗುವ ಮಟ್ಟಕ್ಕೂ ಹೋಗಬಹುದಾದ ಸಂದರ್ಭಗಳನ್ನು 38ನೇ ಸೆಕ್ಷನ್ ಪಟ್ಟಿ ಮಾಡಿದೆ. ಸಾವಿನ ಭಯ ಹುಟ್ಟಿಸುವ ಹಲ್ಲೆ, ತೀವ್ರ ಗಾಯದ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರ ಮತ್ತು ಅಸ್ವಾಭಾವಿಕ ಕಾಮದ ಉದ್ದೇಶದ ಹಲ್ಲೆ, ಅಪಹರಣದ ಉದ್ದೇಶದ ಹಲ್ಲೆ, ಬಿಡಿಸಿಕೊಳ್ಳಲು ಅಧಿಕಾರಿಗಳ ನೆರವು ಸಿಗದಂತೆ ಕೂಡಿಹಾಕಲು ಮಾಡುವ ಹಲ್ಲೆ, ಆ್ಯಸಿಡ್ ದಾಳಿ. ಕೆನ್ನೆಗೆ ಹೊಡೆದರೆ, ಕಾಲರ್ ಹಿಡಿದರೆ, ಬಾಯಿಗೆ ಬಂದಂತೆ ಬೈದರೆ ಈ ಪಟ್ಟಿಗೆ ಸೇರುವುದಿಲ್ಲ.

ಆಸ್ತಿಯ ವಿಷಯದಲ್ಲಿ 41ನೇ ಸೆಕ್ಷನ್ ಇದೆ. ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಮನೆ ಒಡೆದು ನುಗ್ಗುವುದು, ವಾಸದ ಮನೆಗೋ ಸರಕು ಇಡುವ ಕಟ್ಟಡಕ್ಕೋ ಬೆಂಕಿ ಹಚ್ಚುವುದು, ಜೀವಭಯ ಹುಟ್ಟಿಸುವಂಥ ಕಳ್ಳತನ. ಬರೀ ಕಳ್ಳತನ ಇದರಲ್ಲಿ ಇಲ್ಲ ಅನ್ನುವುದನ್ನು ಕೆಂಪು ಗೆರೆ ಎಳೆದು ಓದಿಕೊಳ್ಳಿ.

ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಒಬ್ಬ ಚೀಲಕ್ಕೆ ತುಂಬುತ್ತಿದ್ದಾನೆ ಅಂತಿಟ್ಟುಕೊಳ್ಳಿ. ವರ್ಷದ ದುಡಿಮೆ ಅದು, ಹೊಟ್ಟೆ ಉರಿಯುತ್ತದೆ. ಆದರೂ ಅವನಿಗೆ ಗುಂಡು ಹೊಡೆಯುವಂತಿಲ್ಲ. ಕೂಗಿ, ಲೈಟ್ ಹಾಕಿ, ಜನ ಸೇರಿಸಿ, ಫೋಟೋ ತೆಗೆಯಿರಿ. ಅವನು ಚೀಲ ಬಿಟ್ಟು ಕತ್ತಿ ಬೀಸುತ್ತಾ ನಿಮ್ಮ ಮೇಲೆ ಬಂದರೆ ಲೆಕ್ಕ ಬದಲಾಗುತ್ತದೆ. ಈಗ ಪ್ರಶ್ನೆ ಅಡಿಕೆಯದಲ್ಲ, ನಿಮ್ಮ ಜೀವದ್ದು. ಕತ್ತಿ ಬಿಸಾಕಿ ಬೇಲಿ ಹಾರಿ ಓಡಿದರೆ ಮತ್ತೆ ಬದಲಾಗುತ್ತದೆ. ಓಡುವವನ ಬೆನ್ನಿಗೆ ಹೊಡೆದ ಗುಂಡನ್ನು ಕೋರ್ಟಿನಲ್ಲಿ ಸಮರ್ಥಿಸುವುದು ತೀರಾ ಕಷ್ಟ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಗುಂಡು ಯಾವ ಕಡೆಯಿಂದ ಹೊಕ್ಕಿತು ಅಂತ ಬರೆದಿರುತ್ತದೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ಈ ಗೆರೆಯ ಎರಡು ಬದಿಯಲ್ಲಿ ನಿಂತಿವೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ, ಜಮೀನಿನ ಜಗಳದಲ್ಲಿ ತಂದೆಯ ತಲೆಗೆ ಗಂಡಾಸೆಯ (ಉದ್ದ ಹಿಡಿಯ ಕತ್ತಿ) ಏಟು ಬಿದ್ದಾಗ ಮಗ ಲೈಸೆನ್ಸ್ ಇದ್ದ ಬಂದೂಕಿನಿಂದ ಗುಂಡು ಹಾರಿಸಿದ. ಹೈಕೋರ್ಟ್ ಶಿಕ್ಷೆ ಕೊಟ್ಟಿತ್ತು, ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಜೀವಭಯದಲ್ಲಿರುವವನು ಅಳೆದು ತೂಗಿ ಏಟು ಹಾಕಲಾರ, ಅವನ ಕೃತ್ಯವನ್ನು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ತೂಗಬಾರದು ಅನ್ನುವುದು ಅಲ್ಲಿಯ ವಿಚಾರ. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ. ಸಂಕಟ ತಾನೇ ಮಾಡಿಕೊಂಡದ್ದಾಗಿರಬಾರದು. ಅಂದರೆ ರಸ್ತೆಯಲ್ಲಿ ಗಾಡಿ ತಾಗಿತು ಅಂತ ಇಳಿದು, ಕಾಲು ಕೆರೆದು ಜಗಳ ತೆಗೆದು, ಅವನು ತಿರುಗಿ ಬಿದ್ದಾಗ ಪಿಸ್ತೂಲು ತೆಗೆದರೆ ಆತ್ಮರಕ್ಷಣೆಯ ಮಾತು ನಿಲ್ಲುವುದಿಲ್ಲ. ಇನ್ನೊಂದು 1963ರ ಜೈ ದೇವ್ ಪ್ರಕರಣ. ಅದೂ ಹೊಲದ ತಕರಾರೇ. ಅಪಾಯ ಮುಗಿದ ಮೇಲೆ ದೂರದಲ್ಲಿದ್ದವರ ಮೇಲೆ ಹಾರಿಸಿದ ಗುಂಡಿಗೆ ಅಲ್ಲಿ ರಕ್ಷಣೆ ಸಿಗಲಿಲ್ಲ. ಭಯ ಇರುವಷ್ಟು ಹೊತ್ತು ಹಕ್ಕು, ಭಯ ಮುಗಿದ ಕ್ಷಣಕ್ಕೆ ಹಕ್ಕೂ ಮುಗಿಯಿತು.

ಗೆರೆ ದಾಟಿದರೆ ಏನಾಗುತ್ತದೆ? ಒಳ್ಳೆಯ ನಂಬಿಕೆಯಿಂದ, ಹಗೆ ಇಲ್ಲದೆ, ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶ ಇಲ್ಲದೆ ಹಕ್ಕಿನ ಮಿತಿ ಮೀರಿದ್ದರೆ ಅದು ಕೊಲೆ ಅನ್ನಿಸಿಕೊಳ್ಳುವುದಿಲ್ಲ. 101ನೇ ಸೆಕ್ಷನ್ನಿನ ವಿನಾಯಿತಿ ಹಾಗೆ ಹೇಳುತ್ತದೆ. ಆದರೂ 105ನೇ ಸೆಕ್ಷನ್ನಿನಡಿ ಜೈಲು ಇದ್ದೇ ಇದೆ. ಹಗೆ ಸಾಧಿಸಿದ್ದು ಅಂತ ಸಾಬೀತಾದರೆ ಕೊಲೆಯ ಶಿಕ್ಷೆ.

ಗಾಳಿಯಲ್ಲಿ ಗುಂಡು ಹಾರಿಸಿ ಹೆದರಿಸಲಾ ಅಂತ ಕೇಳುವವರಿಗೆ ನನ್ನ ಉತ್ತರ: ‘ಬೇಡ’. ಮೇಲೆ ಹೋದ ಗುಂಡು ಕೆಳಗೆ ಬರುತ್ತದೆ. ಹಾರಿಸಲು ಕಾರಣವೇ ಇರಲಿಲ್ಲ ಅಂತ ವಾದಿಸಲು ಎದುರಿನವರಿಗೆ ಅದೇ ಸಾಕು.

ರಾತ್ರಿ ಎರಡು ಗಂಟೆಗೆ ಹಿಂಬಾಗಿಲು ಸದ್ದಾದರೆ ಮನೆಯವರೆಲ್ಲ ಒಂದು ಕೋಣೆಗೆ ಸೇರಿ ಚಿಲಕ ಹಾಕಿ. ಒಬ್ಬರು 112ಕ್ಕೆ ಫೋನ್ ಮಾಡಲಿ, ಕರೆ ಕಟ್ ಮಾಡಬೇಡಿ. ಜೋರಾಗಿ ಕೂಗಿ ಎಚ್ಚರಿಸಿ. ಕೋಣೆಯ ಒಳಗೆ ಬಾಗಿಲಿನ ಪಕ್ಕದಲ್ಲಿರಿ. ಕತ್ತಲೆಯಲ್ಲಿ ಹುಡುಕಿಕೊಂಡು ಹೋಗಬೇಡಿ. ತಡವಾಗಿ ಬಂದ ಮಗ ಇರಬಹುದು, ಬಾಗಿಲು ತಪ್ಪಿ ಬಂದ ಕುಡುಕ ಇರಬಹುದು. ಟಾರ್ಚಿನ ಬೆಳಕಿನಲ್ಲಿ ಮುಖ, ಕೈ ಎರಡೂ ಕಾಣಬೇಕು. ಕೋಣೆಯ ಬಾಗಿಲು ಒಡೆದು ಆಯುಧ ಹಿಡಿದು ಒಳಗೆ ಬಂದರೆ, ಬೇರೆ ದಾರಿ ಇಲ್ಲದಿದ್ದರೆ, ಆಗ ಹಾರಿಸಬಹುದು. ಅವನು ನಿಂತ ತಕ್ಷಣ ನೀವೂ ನಿಲ್ಲಿಸಬೇಕು.

ಏಳನೇ ಹೆಜ್ಜೆ: ಗುಂಡು ಹಾರಿದ ಮೇಲೆ

ಅಪಾಯ ಮುಗಿದಿದೆ ಅಂತ ಖಚಿತವಾದ ಮೇಲೆ ಆಯುಧವನ್ನು ಸುರಕ್ಷಿತವಾಗಿ ಕೆಳಗಿಡಿ. 112ಕ್ಕೆ ನೀವೇ ಮೊದಲು ಫೋನ್ ಮಾಡಿ. ವಿಳಾಸ, ದಾಳಿ ಆಗಿದೆ, ಗಾಯ ಆಗಿದೆ, ಆಂಬುಲೆನ್ಸ್ ಬೇಕು, ಇಷ್ಟು ಹೇಳಿ. 108ಕ್ಕೂ ಮಾಡಿ. ಬಿದ್ದವನಿಗೆ ರಕ್ತ ನಿಲ್ಲಿಸಲು ಬಟ್ಟೆ ಒತ್ತಿಹಿಡಿಯಿರಿ, ಅವನು ಕಳ್ಳನೇ ಆಗಿರಲಿ. ಅದು ಮನುಷ್ಯತ್ವದ ಮಾತು. ನಿಮಗೆ ಕೊಲ್ಲುವ ಉದ್ದೇಶ ಇರಲಿಲ್ಲ ಅನ್ನುವುದಕ್ಕೂ ಅದೇ ಸಾಕ್ಷಿ.

ಜಾಗವನ್ನು ಮುಟ್ಟಬೇಡಿ. ನೆಲ ಒರೆಸಬೇಡಿ, ಹಾರಿದ ಗುಂಡಿನ ಖಾಲಿ ಕವಚ ಎತ್ತಬೇಡಿ, ಅವನ ಕತ್ತಿಯನ್ನು ಹತ್ತಿರ ಸರಿಸಬೇಡಿ. ಸತ್ಯ ನಿಮ್ಮ ಪರವಾಗಿದ್ದರೂ ಒಂದು ಸಣ್ಣ ತಿದ್ದುಪಡಿಯಿಂದ ಇಡೀ ಕಥೆ ಅನುಮಾನಕ್ಕೆ ಬೀಳುತ್ತದೆ. ನಿಮಗೂ ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಗಾಯದ ಪ್ರಮಾಣಪತ್ರ ಪಡೆಯಿರಿ. ಕ್ಯಾಮೆರಾ ಇದ್ದರೆ ರೆಕಾರ್ಡಿಂಗ್ ಅಳಿಸಿಹೋಗದ ಹಾಗೆ ನೋಡಿಕೊಳ್ಳಿ.

ಆಯುಧ ಜಪ್ತಿ ಆಗುತ್ತದೆ, ಎಫ್‌ಐಆರ್ ಆಗುತ್ತದೆ, ಬಂಧನವೂ ಆಗಬಹುದು. ‘ನಾನು ಆತ್ಮರಕ್ಷಣೆ ಮಾಡಿಕೊಂಡೆ, ನನ್ನ ಮೇಲೇ ಕೇಸಾ?’ ಅಂತ ರೇಗಾಡಬೇಡಿ. ಯಾರಿಗೋ ಗುಂಡು ತಗುಲಿದೆ ಅಂದಮೇಲೆ ತನಿಖೆ ಆಗಲೇಬೇಕು. ಆತ್ಮರಕ್ಷಣೆ ಅಂತ ಮೊದಲ ಮಾತಿನಲ್ಲೇ ಹೇಳಿ, ಯಾರು ಏನು ಹಿಡಿದು ಬಂದರು ಅಂತ ಹೇಳಿ, ಸಾಕ್ಷಿಗಳನ್ನು ತೋರಿಸಿ. ಎಷ್ಟು ಅಡಿ ದೂರ, ಎಷ್ಟು ಸೆಕೆಂಡ್ ಅಂತ ಗಾಬರಿಯಲ್ಲಿ ಊಹಿಸಿ ಹೇಳಬೇಡಿ. ‘ವಿವರವಾದ ಹೇಳಿಕೆಯನ್ನು ವಕೀಲರ ಜೊತೆ ಮಾತಾಡಿ ಕೊಡುತ್ತೇನೆ’ ಅಂತ ವಿನಯದಿಂದ ಹೇಳಬಹುದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸುವಂತಿಲ್ಲ ಅಂತ ಸಂವಿಧಾನದ 20ನೇ ವಿಧಿ ಹೇಳುತ್ತದೆ. ಬಂಧನವಾದರೆ ವಿಚಾರಣೆ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಸೆಕ್ಷನ್ನಿನಲ್ಲಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು.

ತನಿಖೆಯಲ್ಲಿ ಆತ್ಮರಕ್ಷಣೆ ಸ್ಪಷ್ಟವಾಗಿ ಕಂಡರೆ ಬಿ ರಿಪೋರ್ಟ್, ಅಂದರೆ ಕೇಸು ಮುಗಿಸುವ ವರದಿ, ಹಾಕಬಹುದು. ಇಲ್ಲದಿದ್ದರೆ ಕೋರ್ಟಿನಲ್ಲಿ ನೀವು ಅದನ್ನು ತೋರಿಸಿಕೊಡಬೇಕು. ಹೊಸ ಸಾಕ್ಷ್ಯ ಕಾಯ್ದೆಯ 108ನೇ ಸೆಕ್ಷನ್ ಆ ಹೊರೆಯನ್ನು ಆರೋಪಿಯ ಮೇಲೆ ಹಾಕಿದೆ. ಸಮಾಧಾನದ ವಿಷಯ ಏನೆಂದರೆ ಪ್ರಾಸಿಕ್ಯೂಷನ್ನಿನಷ್ಟು ಗಟ್ಟಿಯಾಗಿ ಸಾಬೀತು ಮಾಡಬೇಕಿಲ್ಲ, ನಿಮ್ಮ ಮಾತೇ ಹೆಚ್ಚು ಸಂಭವನೀಯ ಅಂತ ತೋರಿದರೆ ಸಾಕು. ಕ್ರಿಮಿನಲ್ ವಕೀಲರೊಬ್ಬರ ನಂಬರನ್ನು ಮೊದಲೇ ಫೋನಿನಲ್ಲಿ, ಒಂದು ಚೀಟಿಯಲ್ಲಿಯೂ, ಇಟ್ಟಿರಿ. ಆ ಹೊತ್ತಿನಲ್ಲಿ ಫೋನ್ ನಿಮ್ಮ ಕೈಯಲ್ಲಿ ಇಲ್ಲದೆ ಹೋಗಬಹುದು.

ಕಾಗದಪತ್ರದ ಉಳಿದ ಕೆಲಸ

ಐದು ವರ್ಷ ತುಂಬುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಮುಂಚೆಯೇ ನವೀಕರಣದ ಅರ್ಜಿ ಕೊಡಿ. ಅವಧಿ ಮುಗಿದ ಲೈಸೆನ್ಸಿನ ಆಯುಧ ಮನೆಯಲ್ಲಿದ್ದರೆ ಅದು ಲೈಸೆನ್ಸ್ ಇಲ್ಲದ ಆಯುಧವೇ. ಲೈಸೆನ್ಸ್‌ಗಳ ರಾಷ್ಟ್ರೀಯ ದತ್ತಾಂಶದ ಯುಐಎನ್ (ವಿಶಿಷ್ಟ ಗುರುತಿನ) ಸಂಖ್ಯೆ ನಿಮ್ಮ ಪುಸ್ತಕದಲ್ಲಿ ಇದೆಯೇ ನೋಡಿಕೊಳ್ಳಿ. ಹಳೆಯ ಲೈಸೆನ್ಸಿನವರು ಮರೆಯುವುದು ಇದನ್ನೇ. ವಿಳಾಸ ಬದಲಾದರೆ ತಿಳಿಸಿ.

ಚುನಾವಣೆ ಬಂದಾಗ ಆಯುಧ ಠಾಣೆಗೆ ಒಪ್ಪಿಸಿ ಅನ್ನುವ ಸೂಚನೆ ಬರುತ್ತದೆ. ಎಲ್ಲರಿಂದಲೂ ಕಣ್ಣುಮುಚ್ಚಿ ವಸೂಲಿ ಮಾಡದೆ, ಪರಿಶೀಲನಾ ಸಮಿತಿ ಒಬ್ಬೊಬ್ಬರ ಸ್ಥಿತಿ ನೋಡಿ ತೀರ್ಮಾನಿಸಬೇಕು ಅನ್ನುವುದು ಚುನಾವಣಾ ಆಯೋಗದ ನಿರ್ದೇಶನ. ನಿಮಗೆ ನಿಜವಾದ ಬೆದರಿಕೆ ಇದ್ದರೆ ವಿನಾಯಿತಿಗೆ ಲಿಖಿತ ಮನವಿ ಕೊಡಿ. ಆದೇಶ ಬಂದರೆ ಮಾತ್ರ ಒಪ್ಪಿಸಿಬಿಡಿ, ನಂಬರ್ ಬರೆದ ರಸೀದಿ ಕೇಳಿ ಪಡೆಯಿರಿ, ಫಲಿತಾಂಶದ ನಂತರ ವಾಪಸ್ ತರುವುದನ್ನು ಮರೆಯಬೇಡಿ.

ಲೈಸೆನ್ಸ್‌ದಾರರು ತೀರಿಕೊಂಡರೆ ಆಯುಧ ತಾನಾಗಿ ಮಕ್ಕಳಿಗೆ ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕೂಡಲೇ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಜಮಾ ಮಾಡಬೇಕು. ವಾರಸುದಾರರಲ್ಲಿ ಯಾರಿಗಾದರೂ ಬೇಕಿದ್ದರೆ ಅವರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು, ತರಬೇತಿ ಪಡೆಯಬೇಕು. ಲಾಕರ್ ಎಲ್ಲಿದೆ, ಲೈಸೆನ್ಸ್ ಪುಸ್ತಕ ಎಲ್ಲಿದೆ, ಯಾವ ಅಂಗಡಿಗೆ ಒಯ್ಯಬೇಕು ಅಂತ ಮನೆಯ ಒಬ್ಬ ಹಿರಿಯರಿಗೆ ಈಗಲೇ ಹೇಳಿಡಿ.